ಮಸ್ಕಿಯ ರೊಟ್ಟಿ, ಮರಿಯಾಳ ಅಂಗಳ

ಮಸ್ಕಿ

ನಮ್ಮ ಕಡೆ ಯಾರಾದರೂ ದೂರದೇಶಕ್ಕೆ ಹೊರಟರೆ ಮಂದಿ ಕೇಳುವ ಮೊದಲ ಪ್ರಶ್ನೆ ಊಟದ್ದು. ಅಲ್ಲಿ ಏನು ತಿಂತೀರಿ, ರೊಟ್ಟಿ ಎಷ್ಟು ಕಟ್ಟಿಕೊಂಡೀರಿ, ಹಿಂಡಿ ಪುಡಿ ಮರೆತಿಲ್ಲ ತಾನೆ. ನಾನು ಮತ್ತು ನೀಲಮ್ಮ ಇಟಲಿ ದೇಶಕ್ಕೆ ಸೇರಿದ ಸಾರ್ಡೀನಿಯಾ ಎಂಬ ದ್ವೀಪಕ್ಕೆ ಹೊರಟಾಗ ಮಸ್ಕಿಯ ಅರ್ಧ ಊರು ಇದನ್ನೇ ಕೇಳಿತು. ನಮ್ಮ ಉತ್ತರ ಕೇಳಿ ಎಲ್ಲರೂ ನಕ್ಕರು, ಏಕೆಂದರೆ ನಾವು ಹೊರಟದ್ದೇ ರೊಟ್ಟಿ ಹೊತ್ತುಕೊಂಡು, ರೊಟ್ಟಿಯ ಕಾರಣಕ್ಕೆ.

ನನ್ನ ಹೆಸರು ಅಮರಮ್ಮ. ಮಸ್ಕಿಯಲ್ಲಿ ಮಲ್ಲಿಕಾರ್ಜುನನ ಗುಡ್ಡದ ಕೆಳಗೆ ನಮ್ಮದೊಂದು ತಗಡಿನ ಶೆಡ್ಡು ಇದೆ. ಅಲ್ಲಿ ನಾವು ಕೆಲವು ಹೆಣ್ಣುಮಕ್ಕಳು ಸೇರಿ ಜೋಳದ ರೊಟ್ಟಿ ಬಡಿಯುತ್ತೇವೆ, ಒಣಗಿಸಿ ಖಡಕ್ ರೊಟ್ಟಿ ಮಾಡುತ್ತೇವೆ, ಜೊತೆಗೆ ನೆಂಚಿಕೊಳ್ಳಲು ಖಾರದ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕುಟ್ಟುತ್ತೇವೆ. ಜೋಳ ಲಿಂಗಸುಗೂರು ಕಡೆಯ ಎರೆಹೊಲಗಳದ್ದು. ಕಾಲುವೆಯ ನೀರು ಕಾಣದ, ಔಷಧಿ ಹೊಡೆಯದ, ಹಿಂಗಾರಿನ ತೇವ ಮತ್ತು ಇಬ್ಬನಿಯಲ್ಲೇ ಬೆಳೆಯುವ ಬಿಳಿಜೋಳ. ಬೆಳೆದವರ ಹೆಸರು, ಅವರ ಹೊಲದ ಬದು, ಅವರ ಎತ್ತಿನ ಬಣ್ಣ ಎಲ್ಲ ನಮಗೆ ಗೊತ್ತು. ಈ ಮಾತು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ ಎಂದು ಮಗಳು ಛೇಡಿಸುತ್ತಾಳೆ. ಏರಿದರೆ ಏರಲಿ.

ನೀಲಮ್ಮ ನಮ್ಮ ಶೆಡ್ಡಿನ ಬಲಗೈ. ಅವಳ ತವರು ಬಳಗಾನೂರು, ಅಂದರೆ ಕಾಲುವೆ ಸೀಮೆ, ಭತ್ತದ ಸೀಮೆ. ಅನ್ನ ಉಂಡು ಬೆಳೆದವಳು ಮಸ್ಕಿಗೆ ಸೊಸೆಯಾಗಿ ಬಂದ ಮೇಲೆ ರೊಟ್ಟಿ ಕಲಿತಳು. ಈಗ ಅವಳಷ್ಟು ತೆಳ್ಳಗೆ ಬಡಿಯುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಮಾತಿನಲ್ಲಿ ಮಾತ್ರ ನನ್ನ ಅತ್ತೆ.

ಹೊರಡುವ ಮುಂಚೆ ನಮ್ಮಿಬ್ಬರ ನಡುವೆ ಒಂದು ಜಗಳ ನಡೆದಿತ್ತು. ನಮ್ಮ ಮಾಲನ್ನು ಹೆಚ್ಚೂಕಡಿಮೆ ಪೂರ್ತಿ ಕೊಳ್ಳುವವರು ಸಿಂಧನೂರಿನ ವ್ಯಾಪಾರಿ ಪಂಪಣ್ಣ. ಕೆಟ್ಟ ಮನುಷ್ಯ ಅಲ್ಲ. ಒಂದು ದಿನ ಬೈಕಿನ ಮೇಲೆ ಬಂದವರು ಶೆಡ್ಡಿನ ಬಾಗಿಲಲ್ಲೇ ನಿಂತು ವಿಷಯ ಹೇಳಿದರು. “ಯುಗಾದಿ ಆದ ಮ್ಯಾಲ ನನಗ ಮಷಿನ್ ರೊಟ್ಟಿನ ಬೇಕ್ರಿ ಅಮರಮ್ಮ. ಎಲ್ಲಾ ಒಂದ ಅಳತಿ, ಡಬ್ಬಿ ಒಳಗ ಬರಾಬರಿ ಕುಂದರಬೇಕು. ಮಷಿನ್ ನಾನೇ ಹಚ್ಚಿಸಿ ಕೊಡ್ತೀನಿ.”

ಮಷಿನ್ನಿಗೆ ಇಬ್ಬರು ಸಾಕು. ಉಳಿದವರು ಮನೆಗೆ ಹೋಗಬೇಕು, ಇಲ್ಲವೇ ಕಾಲುವೆ ಸೀಮೆಗೆ ನಾಟಿ ಹಚ್ಚಲು ಹೋಗಬೇಕು. ನಾನು ಅಲ್ಲೇ ಬೇಡ ಅಂದೆ. ನೀಲಮ್ಮ ಬೇಕು ಅಂದಳು.

“ನಿನಗೇನಕ್ಕಾ, ನೀ ಜೋಳ ತರಾಕ ಹೋಗ್ತಿ, ಮಾಲು ಎಣಿಸಿ ಗಾಡಿಗೆ ಹಾಕಸ್ತಿ. ನಾ ದಿನಾ ನಾದತೀನಿ, ಬಡೀತೀನಿ. ಕೈ ಎತ್ತಿ ಹೆರಳು ಹಾಕ್ಕೊಳ್ಳಾಕ ಬರವಲ್ದು ನನಗ.”

ಅವಳ ಭುಜದ ನೋವು ಸುಳ್ಳಲ್ಲ. ಹಾಗೆಂದು ಉಳಿದವರ ಹೊಟ್ಟೆಯೂ ಸುಳ್ಳಲ್ಲ. ಹೀಗೆ ಮಾತು ನಿಂತಿದ್ದಾಗಲೇ, ನಮ್ಮ ಶೆಡ್ಡಿನ ವಿಡಿಯೊ ಎಲ್ಲೋ ನೋಡಿದ ಸಾರ್ಡೀನಿಯಾದವರಿಂದ ಕರೆ ಬಂತು. ಸಣ್ಣ ಪ್ರಮಾಣದಲ್ಲಿ, ತಮ್ಮ ಸೀಮೆಯ ಬೆಳೆಯಿಂದಲೇ ತಿನಿಸು, ಪಾನೀಯ ಮಾಡಿ ಮಾರುವವರು ಅಲ್ಲಿನ ಒಂದು ಬೆಟ್ಟದ ಊರಲ್ಲಿ ಸೇರುತ್ತಾರೆ, ಖರ್ಚು ನಮ್ಮದು, ಇಬ್ಬರು ಬನ್ನಿ, ನಿಮ್ಮ ರೊಟ್ಟಿಯನ್ನು ಜನರೆದುರೇ ಮಾಡಿ ತೋರಿಸಿ ಎಂದು. ನಮ್ಮ ಶೆಡ್ಡಿನ ಹಿರಿಯಳು ಈರಮ್ಮ ತೀರ್ಪು ಕೊಟ್ಟಳು.

“ಇಬ್ಬರೂ ಹೋಗ್ರಿ. ಕೈಲೆ ಮಾಡಿದ್ದಕ್ಕ ಆ ದೇಶದಾಗ ಏನರ ಕಿಮ್ಮತ್ತು ಐತೇನು ನೋಡ್ರಿ. ನೀವು ಬಂದ ಮ್ಯಾಲ ಪಂಪಣ್ಣಗ ಜವಾಬು ಕೊಡೂಣು.”

ಹೈದರಾಬಾದಿನ ವಿಮಾನ ನಿಲ್ದಾಣ

ನಮ್ಮ ಸಾಮಾನಿನಲ್ಲಿ ಮೂರು ಮುಖ್ಯ ವಸ್ತುಗಳಿದ್ದವು. ಎಲ್ಲ ಹೆಣ್ಣುಮಕ್ಕಳೂ ಬಡಿದುಕೊಟ್ಟ ಖಡಕ್ ರೊಟ್ಟಿಯ ದೊಡ್ಡ ಗಂಟು, ಜೋಳದ ಹಿಟ್ಟು, ಕಬ್ಬಿಣದ ಹಂಚು. ಹಂಚನ್ನು ನೀಲಮ್ಮ ಕೂಸಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಅಲ್ಲಿಯ ಹಂಚಿನ ಮೇಲೆ ಅವಳಿಗೆ ನಂಬಿಕೆಯಿಲ್ಲ.

ಸಾಮಾನು ತೂಗುವ ಕಟ್ಟೆಯಲ್ಲಿ ಕುಳಿತಿದ್ದ ಹುಡುಗಿ ಅದನ್ನು ನೋಡಿ ಹೌಹಾರಿದಳು. ಇದನ್ನು ಕೈಯಲ್ಲಿ ಹಿಡಿದು ವಿಮಾನ ಹತ್ತುವಂತಿಲ್ಲ ಎಂದಳು.

“ಯಾಕಂತವ್ವಾ?” ಎಂದಳು ನೀಲಮ್ಮ.

“ಯಾರಿಗಾದ್ರೂ ಹೊಡೆದ್ರೆ ಏನ್ ಗತಿ ಅಮ್ಮಾ?”

“ರೊಟ್ಟಿ ಸುಡೋ ಹಂಚಿಲೆ ಯಾರರ ಹೊಡೀತಾರೇನು? ಹೊಡ್ಯಾಕ ಕೊಡಪಾನ ಇಲ್ಲೇನು?”

ಆ ಹುಡುಗಿಗೆ ಇದು ಸಮಾಧಾನದ ಉತ್ತರವಾಗಿ ಕಾಣಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಮುಂದೆ ಬಂದು, ಹಂಚಿಗೆ ನನ್ನ ಹಳೆಯ ಇಳಕಲ್ ಸೀರೆಯನ್ನು ಸುತ್ತಿ, ರೊಟ್ಟಿಯ ಪೆಟ್ಟಿಗೆಯಲ್ಲೇ ಇಟ್ಟು ಮುಚ್ಚಿದೆ.

“ಅಕ್ಕಾ, ರೊಟ್ಟಿ ಮ್ಯಾಲ ಹಂಚು ಇಡಬ್ಯಾಡ,” ಎಂದಳು ನೀಲಮ್ಮ.

“ಸೀರಿ ಸುತ್ತೀನಿ, ಏನೂ ಆಗಂಗಿಲ್ಲ.”

ಅವಳು ಮತ್ತೆ ಮಾತಾಡಲಿಲ್ಲ. ನೀಲಮ್ಮ ಮಾತಾಡದೆ ಇದ್ದಾಳೆ ಅಂದರೆ ಆಮೇಲೆ ಮಾತಾಡುವುದಕ್ಕೆ ಕೂಡಿಡುತ್ತಿದ್ದಾಳೆ ಎಂದು ಅರ್ಥ. ವಿಮಾನದಲ್ಲಿ ಕೊಟ್ಟ ಅನ್ನವನ್ನು ಅವಳು ಬೆರಳಿನಿಂದ ಒತ್ತಿ ನೋಡಿ, ಇದು ಸಿಂಧನೂರಿನ ಸೋನಾಮಸೂರಿ ಅಲ್ಲ ಎಂದು ನಿರ್ಧರಿಸಿ, ನನ್ನ ಕಡೆ ಸರಿಸಿ ನಿದ್ದೆ ಹೋದಳು.

ಬಯಲು ದಾರಿ

ದ್ವೀಪದ ದಕ್ಷಿಣದ ತುದಿಯಲ್ಲಿ ಕಾಲ್ಯಾರಿ ಎಂಬ ಬಂದರು ಪಟ್ಟಣ. ಅಲ್ಲಿ ನಮ್ಮನ್ನು ಕರೆದೊಯ್ಯಲು ಲೂಚಿಯಾ ಬಂದಿದ್ದಳು. ನಾವು ಇಳಿದುಕೊಳ್ಳಬೇಕಾದ ಮನೆಯ ಹಿರಿಯಳು ಮರಿಯಾ, ಲೂಚಿಯಾ ಅವಳ ತಂಗಿಯ ಮಗಳು. ನಮಗೆ ಇಟಲಿ ಮಾತು ಬರದು, ಅವಳಿಗೆ ಕನ್ನಡ ಬರದು, ಇಂಗ್ಲಿಷು ಎರಡೂ ಕಡೆ ಅಷ್ಟಕ್ಕಷ್ಟೆ. ಅವಳು ತನ್ನ ಫೋನಿಗೆ ಏನೋ ಹೇಳಿದಳು. ಫೋನು ಗಂಭೀರವಾದ ಹೆಣ್ಣುದನಿಯಲ್ಲಿ ಕನ್ನಡದಲ್ಲಿ ನುಡಿಯಿತು: “ನಿಮ್ಮ ಆಗಮನದಿಂದ ನಾವು ಅತೀವ ಹರ್ಷಿತರಾಗಿದ್ದೇವೆ. ದಯವಿಟ್ಟು ವಾಹನದಲ್ಲಿ ಆಸೀನರಾಗಿ.”

ನೀಲಮ್ಮ ಫೋನನ್ನು ಅನುಮಾನದಿಂದ ನೋಡಿದಳು. “ಅಕ್ಕಾ, ಇದು ಪುರಾಣ ಹೇಳೋ ಸ್ವಾಮ್ಯಾರಂಗ ಮಾತಾಡ್ತೈತಲ್ಲ.”

ನೀಲಮ್ಮನ ಮಾತು ಆ ಫೋನಿಗೆ ಕಡೆಯವರೆಗೂ ತಿಳಿಯಲಿಲ್ಲ. ಅವಳು ಹೇಳಿದ್ದನ್ನು ನಾನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಹೇಳಬೇಕು, ಫೋನು ಅದನ್ನು ಇಟಲಿಗೆ ತಿರುಗಿಸಬೇಕು. ಬೈದ ಬೈಗುಳವೂ ಅಷ್ಟು ದೂರ ಹೋಗುವಷ್ಟರಲ್ಲಿ ಆಶೀರ್ವಾದವಾಗುತ್ತಿತ್ತು.

ದಾರಿಯಲ್ಲಿ ಒಂದು ಬಯಲು ಬಂತು. ಕಾಲುವೆ, ಕಾಲುವೆಯ ಪಕ್ಕಕ್ಕೆ ಮಡಿ, ಮಡಿಯಲ್ಲಿ ಕೊಯ್ದ ಭತ್ತದ ಕೂಳೆ, ಅದರಲ್ಲಿ ಬೆಳ್ಳಕ್ಕಿ. ನೀಲಮ್ಮ ಕಿಟಕಿಗೆ ಮುಖ ಒತ್ತಿ ಕುಳಿತಳು. “ಅಕ್ಕಾ, ನಮ್ಮೂರು ನೋಡಕ್ಕಾ. ಬರೇ ಮಿಲ್ಲಿನ ಕೊಳವಿ ಒಂದು ಕಮ್ಮಿ ಐತಿ.” ಲೂಚಿಯಾ ಇಲ್ಲಿಯ ಅಕ್ಕಿ ಬಹಳ ಹೆಸರುವಾಸಿ ಎಂದಳು. ಬಳಗಾನೂರಿನ ಮಗಳಿಗೆ ಆ ದೇಶದ ಮೇಲೆ ಗೌರವ ಹುಟ್ಟಿದ್ದು ಅಲ್ಲಿಂದ.

ಆದರೆ ವ್ಯಾನು ಬಯಲು ಬಿಟ್ಟು ಬೆಟ್ಟ ಏರತೊಡಗಿದಾಗ ನನ್ನ ಸರದಿ ಬಂತು. ಕಲ್ಲು, ಕುರುಚಲು, ಕುರಿ, ಕುರಿಯ ಕೊರಳ ಗಂಟೆ, ಕಲ್ಲು ಜೋಡಿಸಿ ಕಟ್ಟಿದ ಬೇಲಿ. ಮುದಗಲ್ಲಿನಿಂದ ಮಸ್ಕಿಗೆ ಬರುವಾಗ ಕಾಣುವ ಗುಡ್ಡಗಳನ್ನು ಯಾರೋ ಎತ್ತರಿಸಿ, ಓಕ್ ಮರ ನೆಟ್ಟ ಹಾಗಿತ್ತು. ಅನ್ನದವರು ಕೆಳಗೆ, ರೊಟ್ಟಿಯವರು ಮೇಲೆ. ಇಲ್ಲೂ ನಮ್ಮ ಜಿಲ್ಲೆಯ ಪದ್ಧತಿಯೇ ಎಂದು ನಾನು ನೀಲಮ್ಮನಿಗೆ ಹೇಳಿದೆ. ಅವಳು ಕೇಳಿಸಲಿಲ್ಲ ಎನ್ನುವಂತೆ ಕೂತಳು.

ಬೆಟ್ಟದ ಊರು

ಮರಿಯಾ ಎಪ್ಪತ್ತು ದಾಟಿದ, ಕುಳ್ಳಗಿನ, ಕಪ್ಪು ಲಂಗದ ಹೆಂಗಸು. ಕಲ್ಲಿನ ಮನೆ, ಮಧ್ಯದಲ್ಲಿ ಅಂಗಳ, ಅಂಗಳದ ಆಚೆ ಒಲೆಯ ಮನೆ. ಅವಳು ಮತ್ತು ಅವಳ ಜೊತೆಯ ಹೆಂಗಸರು ಕಾಗದದಷ್ಟು ತೆಳ್ಳನೆಯ ಒಂದು ಒಣ ರೊಟ್ಟಿ ಮಾಡಿ ಮಾರುತ್ತಾರೆ. ಹಿಂದೆ ಕುರಿ ಕಾಯುವವರು ತಿಂಗಳುಗಟ್ಟಲೆ ಬೆಟ್ಟದಲ್ಲಿರುವಾಗ ಇದನ್ನೇ ಜೋಳಿಗೆಯಲ್ಲಿ ಒಯ್ಯುತ್ತಿದ್ದರಂತೆ. ಮರಿಯಾ ಒಂದನ್ನು ನನ್ನ ಕೈಗಿಟ್ಟಳು. ಮುರಿದೆ. ಟಕ್ ಎಂದಿತು. ಅದೇ ಸದ್ದು. ಸಾವಿರಾರು ಮೈಲಿ ದಾಟಿ ಬಂದು ನಮ್ಮ ಖಡಕ್ ರೊಟ್ಟಿಯ ಸದ್ದು ಕೇಳಿದಾಗ ಇನ್ನೊಂದು ಚೂರು ಮುರಿದು ಮತ್ತೆ ಕೇಳಿದೆ.

ನಮ್ಮದನ್ನು ತೋರಿಸುವ ಉತ್ಸಾಹದಲ್ಲಿ ಪೆಟ್ಟಿಗೆ ತೆರೆದೆ. ಸೀರೆ ಸುತ್ತಿದ ಹಂಚು ಆರಾಮಾಗಿ ಕೂತಿತ್ತು. ಅದರ ಕೆಳಗೆ ರೊಟ್ಟಿ ಎನ್ನುವಂಥದ್ದು ಒಂದೂ ಇರಲಿಲ್ಲ. ಎಲ್ಲ ಚೂರು. ಊರಿಂದೂರಿಗೆ ಹೊತ್ತು ತಂದದ್ದು ಚೂರಿನ ಗಂಟು. ನಾನು ಕುರ್ಚಿಯ ಮೇಲೆ ಕುಸಿದೆ. ಈರಮ್ಮ, ಶರಣಮ್ಮ, ಶೆಡ್ಡಿನ ಎಲ್ಲರೂ ಒಂದೊಂದನ್ನು ಆರಿಸಿ ಆರಿಸಿ ಕಟ್ಟಿದ್ದರು.

ನೀಲಮ್ಮ ಬೈಯಲಿಲ್ಲ. ಮೇಜಿನ ಮೇಲೆ ಚೂರುಗಳನ್ನು ಸುರಿದು ಬೇರೆ ಬೇರೆ ಗುಂಪು ಮಾಡತೊಡಗಿದಳು.

“ಏನು ಮಾಡಾಕತ್ತೀ?”

“ಇದು ಈರಮ್ಮಂದು. ನಡುವ ಬೆರಳು ಒತ್ತ್ಯಾಳ ನೋಡು. ಇದು ಶರಣಮ್ಮಂದು, ಅಂಚು ದಪ್ಪ. ಇದು ನಂದು.”

ನಾನೂ ಕೂತೆ. ನಮಗೆ ಇದು ಹೊಸದೇನಲ್ಲ. ಶೆಡ್ಡಿನಲ್ಲಿ ಯಾವ ರೊಟ್ಟಿ ಯಾರ ಕೈಯದು ಎಂದು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಮರಿಯಾ ನಮ್ಮ ತಲೆಯ ಮೇಲೆ ಬಗ್ಗಿ ನೋಡುತ್ತಿದ್ದಳು. ನಾವು ಏನು ಮಾಡುತ್ತಿದ್ದೇವೆ ಎಂದು ಕೇಳಿದಳು, ನಾನು ಹೇಳಿದೆ. ಅವಳು ಒಂದೊಂದು ಗುಂಪಿನ ಮುಂದೆಯೂ ಬೆರಳಿಟ್ಟು, ಆ ಹೆಂಗಸಿನ ಹೆಸರೇನು, ಮಕ್ಕಳೆಷ್ಟು ಎಂದು ವಿಚಾರಿಸಿದಳು. ಈರಮ್ಮನ ಹೆಸರು ಅವಳ ಬಾಯಲ್ಲಿ ‘ಇರಾಮ್ಮಾ’ ಆಯಿತು.

ಮುರಿದದ್ದಕ್ಕೆ ಅವಳು ಮರುಗಲೂ ಇಲ್ಲ. ಒಲೆಯ ಮೇಲೆ ಕುದಿಯುತ್ತಿದ್ದ ತರಕಾರಿ ಸಾರಿನಲ್ಲಿ ಚೂರುಗಳನ್ನು ಅದ್ದಿ ತಟ್ಟೆಗೆ ಹರಡಿ, ಮೇಲೆ ಟೊಮೆಟೊ ಗೊಜ್ಜು ಸವರಿ ಕೊಟ್ಟಳು. ಅವರು ತಮ್ಮ ಮುರಿದ ರೊಟ್ಟಿಯನ್ನು ಹೀಗೆಯೇ ತಿನ್ನುತ್ತಾರೆ, ಅದೊಂದು ಹೆಸರಾದ ಅಡುಗೆ. ಮುರಿದ ರೊಟ್ಟಿಗೆ ಒಗ್ಗರಣೆ ಹಾಕುವ ನಮಗೆ ಅರ್ಥವಾಗದ್ದು ಅದರಲ್ಲಿ ಏನೂ ಇರಲಿಲ್ಲ. ಮೊಟ್ಟೆ ಒಡೆದು ಹಾಕಲು ಹೊರಟವಳನ್ನು ಮಾತ್ರ ನಾನು ತಡೆದೆ.

ಒಲೆಯ ಮನೆ

ಮರುದಿನ ನಸುಕಿನಲ್ಲಿ ನಮ್ಮನ್ನು ಒಲೆಯ ಮನೆಗೆ ಕರೆದರು. ಓಕ್ ಕಟ್ಟಿಗೆಯ ಬೆಂಕಿ. ಒಬ್ಬಳು ಲಟ್ಟಿಸಿದ ಹಾಳೆಯನ್ನು ಉದ್ದ ಹಿಡಿಯ ಹಲಗೆಯ ಮೇಲೆ ಒಲೆಯೊಳಗೆ ಜಾರಿಸುತ್ತಾಳೆ. ಅದು ಪೂರಿಯ ಹಾಗೆ ಉಬ್ಬಿ ದೊಡ್ಡ ಚೆಂಡಾಗುತ್ತದೆ. ಹೊರಗೆ ಬಂದ ಕೂಡಲೇ ಇನ್ನೊಬ್ಬಳು ಹಬೆಯಾಡುವ ಅದರ ಅಂಚಿಗೆ ಚಾಕು ಹಾಕಿ ಸುತ್ತ ಸೀಳಿ, ಎರಡು ಹಾಳೆ ಮಾಡುತ್ತಾಳೆ. ಅವನ್ನು ಪೇರಿಸಿ, ಭಾರ ಹೇರಿ, ಮತ್ತೆ ಒಲೆಗೆ ಕೊಡುತ್ತಾರೆ. ಯಾರೂ ಯಾರಿಗೂ ಹೇಳುವುದಿಲ್ಲ, ಕೈಯಿಂದ ಕೈಗೆ ಹೋಗುತ್ತಿರುತ್ತದೆ. ನಮ್ಮ ಶೆಡ್ಡಿಗೂ ಇದಕ್ಕೂ ವ್ಯತ್ಯಾಸವೆಂದರೆ ಇಲ್ಲಿ ಅತ್ತೆಯಂದಿರ ಸುದ್ದಿ ಇಟಲಿ ಮಾತಿನಲ್ಲಿ ನಡೆಯುತ್ತಿತ್ತು ಎಂಬುದೊಂದೇ.

ಸೀಳುವ ಕೆಲಸವನ್ನು ನೀಲಮ್ಮ ಕೇಳಿ ಇಸಿದುಕೊಂಡಳು. ಬಿಸಿ ಹಬೆ ಮುಖಕ್ಕೆ ಬಡಿದರೂ ಹಿಂದೆ ಸರಿಯಲಿಲ್ಲ, ಬೆರಳನ್ನೂ ಎಳೆದುಕೊಳ್ಳಲಿಲ್ಲ. ಹೆಂಗಸರು ಒಬ್ಬರಿಗೊಬ್ಬರು ಕಣ್ಸನ್ನೆ ಮಾಡಿದರು. ಮರಿಯಾ ಅವಳ ಬೆರಳ ತುದಿ ಮುಟ್ಟಿ ನೋಡಿ, ತನ್ನ ಬೆರಳನ್ನು ಮುಟ್ಟಿಸಿದಳು. ಎರಡೂ ಒಂದೇ ಹಾಗೆ ಜಡ್ಡುಗಟ್ಟಿದ್ದವು.

ಆಗ ನೀಲಮ್ಮನ ಕಣ್ಣು ಮೂಲೆಗೆ ಬಿತ್ತು. ಅಲ್ಲಿ ಒಂದು ಯಂತ್ರ ತನ್ನ ಪಾಡಿಗೆ ಹಿಟ್ಟು ನಾದುತ್ತಿತ್ತು.

“ನೋಡು,” ಎಂದಳು ನನ್ನ ಕಡೆ ತಿರುಗಿ. “ಇವರೂ ಇಟ್ಟಾರ. ನೀ ಒಬ್ಬಾಕಿ ಜಿದ್ದು ಹಿಡದೀ.”

ನನಗೆ ಸಿಟ್ಟೇ ಬಂತು. ಕೈಯಿಂದ ಮಾಡುವವರು ಎಂದು ನಂಬಿ ಇಷ್ಟು ದೂರ ಬಂದದ್ದಲ್ಲವೇ? ಫೋನು ಹಿಡಿದು ಮರಿಯಾಳನ್ನು ಕೇಳಿಯೇಬಿಟ್ಟೆ: ಯಂತ್ರ ಇಟ್ಟ ಮೇಲೆ ಪೂರ್ತಿ ಯಂತ್ರದಿಂದಲೇ ಏಕೆ ಮಾಡಬಾರದು?

ಮರಿಯಾ ಒಲೆಯಿಂದ ಕಣ್ಣು ತೆಗೆಯದೆ ಉತ್ತರ ಕೊಟ್ಟಳು. ಫೋನು ಅದನ್ನು ತನ್ನ ಗಂಭೀರ ದನಿಯಲ್ಲಿ ಹೇಳಿತು: “ನಾದಲು ಕೇವಲ ತೋಳು ಸಾಕು. ಅದನ್ನು ನಾನು ಯಂತ್ರಕ್ಕೆ ನೀಡಿದೆ. ಒಲೆಯ ಬಳಿ ಕಣ್ಣು ಅಗತ್ಯ. ಅದನ್ನು ನಾನು ನೀಡುವುದಿಲ್ಲ.”

ಆಮೇಲೆ ಲೂಚಿಯಾ ಪೂರ್ತಿ ಕಥೆ ಹೇಳಿದಳು. ಮರಿಯಾಳ ಅಕ್ಕ ನಾದಿ ನಾದಿ ಭುಜ ಕಳೆದುಕೊಂಡು ಕೆಲಸ ಬಿಟ್ಟಳಂತೆ. ನಾದುವ ಯಂತ್ರ ಬಂದದ್ದು ಆಗ. ಪೂರ್ತಿ ಯಂತ್ರ ಹೂಡಿದರೆ ದೊಡ್ಡ ಅಂಗಡಿಗಳು ಕೊಳ್ಳುತ್ತವೆ ಎಂದು ಒಬ್ಬ ವ್ಯಾಪಾರಿ ಬಂದಿದ್ದನಂತೆ, ಇವರು ಕಾಫಿ ಕುಡಿಸಿ ಕಳಿಸಿದರಂತೆ. ನೀಲಮ್ಮ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರಿಗೂ ಅರ್ಧರ್ಧ ಸೋಲಾಗಿತ್ತು.

ನೆರೆಹೊರೆ

ಆ ದಿನ ಲೂಚಿಯಾ ಊರ ಇತರ ಕಸುಬಿನವರ ಮನೆಗೂ ಕರೆದೊಯ್ದಳು. ಅವರು ತಮ್ಮ ಪದಾರ್ಥದ ಬಗ್ಗೆ ಮಾತಾಡುವುದು ಕೇಳಿದರೆ ಎಮ್ಮೆಯ ಬಗ್ಗೆ ಮಾತಾಡುವ ನಮ್ಮ ಗೌಡರ ನೆನಪಾಗುತ್ತದೆ. ಕುರಿಹಾಲಿನ ಚೀಸು ಮಾಡುವವನು ತನ್ನ ಕುರಿಗಳು ಯಾವ ಇಳಿಜಾರಿನ ಹುಲ್ಲು ತಿಂದವು ಎಂದು ಒಂದೊಂದು ಗಟ್ಟಿಯನ್ನೂ ತಟ್ಟಿ ಹೇಳಿದ. ಅದನ್ನು ಹೆಪ್ಪುಗಟ್ಟಿಸುವುದು ಕುರಿಮರಿಯ ಹೊಟ್ಟೆಯ ವಸ್ತುವಿನಿಂದ ಎಂದು ತಿಳಿದು ನಾವು ಕೈ ಮುಗಿದೆವು. ನಾವು ಲಿಂಗ ಕಟ್ಟಿಕೊಂಡವರು, ಇಂಥದ್ದು ತಿನ್ನುವುದಿಲ್ಲ ಎಂದು ವಿವರಿಸಿದೆ. ಫೋನು ಅದನ್ನು ಏನೆಂದು ಹೇಳಿತೋ, ಅವನು ಎದ್ದು ನಿಂತು ಟೊಪ್ಪಿಗೆ ತೆಗೆದ, ಆಮೇಲೆ ಹೆಂಡತಿಯನ್ನು ಕರೆದು ಜೇನು ತರಿಸಿದ.

ವೈನು ಮಾಡುವ ಮುದುಕನ ನೆಲಮಾಳಿಗೆಯಲ್ಲಿ ಇನ್ನೊಂದು ಪೇಚು. ಲೋಟ ಮುಟ್ಟದಿದ್ದರೆ ಅಲ್ಲಿ ಅವಮಾನ, ಮುಟ್ಟಿದರೆ ನಮ್ಮಲ್ಲಿ. ನೀಲಮ್ಮ ಲೋಟವನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತು ಮೂಸಿ, ತಲೆದೂಗಿ ಕೆಳಗಿಟ್ಟಳು. ಮುದುಕನಿಗೆ ಪರಮ ಸಂತೋಷವಾಯಿತು, ತಿಳಿದವರು ಹೀಗೆಯೇ ಮಾಡುತ್ತಾರಂತೆ. ಅವನ ಬಳ್ಳಿ ಕೊಟ್ಟಷ್ಟೇ ಅವನು ಮಾಡುತ್ತಾನೆ. ಮುಗಿದರೆ ಮುಂದಿನ ವರ್ಷ ಬನ್ನಿ ಎನ್ನುತ್ತಾನೆ, ಹೊರಗಿನ ದ್ರಾಕ್ಷಿ ಕೊಂಡು ಬೆರೆಸುವುದಿಲ್ಲ. ಇದನ್ನು ಅವನು ತ್ಯಾಗ ಮಾಡಿದವನ ಹಾಗೆ ಹೇಳಲಿಲ್ಲ. ಇನ್ನೇನು ಮಾಡಲಿ ಎಂಬಂತೆ ಹೇಳಿದ.

ಭಾನುವಾರ, ಮರಿಯಾಳ ಅಂಗಳ

ಕೂಟದ ದಿನ ಆ ಊರಿನ ಪದ್ಧತಿಯೇ ಬೇರೆ. ವೇದಿಕೆ ಇಲ್ಲ, ಭಾಷಣ ಇಲ್ಲ, ಶಾಲು ಇಲ್ಲ. ಮನೆಮನೆಯವರು ತಮ್ಮ ಅಂಗಳದ ಬಾಗಿಲನ್ನು ಪೂರ್ತಿ ತೆರೆದು, ದಿನದ ಕೆಲಸವನ್ನೇ ಮಾಡುತ್ತ ಕೂರುತ್ತಾರೆ. ಸುತ್ತಲ ಊರುಗಳಿಂದ ಬಂದವರು ಯಾರ ಅಂಗಳಕ್ಕೆ ಬೇಕಾದರೂ ನುಗ್ಗಿ, ನೋಡಿ, ತಿಂದು, ಬೇಕಾದ್ದು ಕೊಂಡು ಹೋಗುತ್ತಾರೆ. ಅಪರಿಚಿತರು ಅಡುಗೆಮನೆಯವರೆಗೆ ಬಂದು ನಿಲ್ಲುವುದನ್ನು ನೋಡಿ ನನಗೆ ಮೊದಲು ಮುಜುಗರವಾಯಿತು. ಅವರಿಗೆ ಅದರಲ್ಲೇ ಹೆಮ್ಮೆ. ಮುಚ್ಚಿಡುವಂಥದ್ದು ನಮ್ಮಲ್ಲಿ ಏನೂ ಇಲ್ಲ ಎಂದು ಲೂಚಿಯಾ ಹೇಳಿದಳು.

ಮರಿಯಾಳ ಅಂಗಳದಲ್ಲಿ ನಮ್ಮ ಒಲೆ ಹೂಡಿದರು. ಎಸರು ಕುದಿಸಿ, ಹಿಟ್ಟು ಕಲಸಿ, ಮೊದಲ ಉಂಡೆಯನ್ನು ನಾನೇ ಹಲಗೆಯ ಮೇಲಿಟ್ಟು ಬಡಿದೆ. ಅಂಗೈಯಗಲ ಆಗುವಷ್ಟರಲ್ಲಿ ಅಂಚು ಬಿರಿಯಿತು. ಕೂಡಿಸಿ ಮತ್ತೆ ಬಡಿದೆ. 

ನಡುವೆಯೇ ಹರಿಯಿತು. ಜೋಳದ ಹಿಟ್ಟು ಬೀಸಿದ ಹೊಸತರಲ್ಲಿ ಮಾತ್ರ ಜಿಗಿ ಹಿಡಿಯುತ್ತದೆ, ಹಳತಾದರೆ ಅಂಟು ಬಿಟ್ಟು ಮರಳಾಗುತ್ತದೆ. ಮಸ್ಕಿಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ವೀಸಾ ತಡವಾಗಿ, ಹೊರಡುವ ದಿನ ಮುಂದೆ ಹೋದಾಗ ಹಿಟ್ಟು ಮತ್ತೆ ಬೀಸಿಸಬೇಕೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಅಂಗಳಕ್ಕೆ ಜನ ಬರತೊಡಗಿದ್ದರು. ಮೂರನೆಯದೂ ಹರಿಯಿತು. ಕಟ್ಟಿಕೊಂಡು ತಂದದ್ದು ಚೂರಾಯಿತು, ಮಾಡಿ ತೋರಿಸುವುದೂ ಹರಿಯಿತು. ಊರಿಗೆ ಹೋಗಿ ಕೈರೊಟ್ಟಿಗೆ ಕಿಮ್ಮತ್ತು ಇದೆ ಎಂದು ಯಾವ ಬಾಯಲ್ಲಿ ಹೇಳಲಿ? ಪಕ್ಕದಲ್ಲಿ ನೀಲಮ್ಮ ನಿಂತಿದ್ದಳು. ರೊಟ್ಟಿ ಹರಿದರೆ ಗೆಲ್ಲುವವಳು ಅವಳೇ. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಯುಗಾದಿಗೆ ಮಷಿನ್ನು ಬರುತ್ತಿತ್ತು, ಅವಳ ಭುಜ ಉಳಿಯುತ್ತಿತ್ತು.

ಅವಳು ಸೆರಗು ಸಿಕ್ಕಿಸಿಕೊಂಡು ಮರಿಯಾಳ ಅಡುಗೆಮನೆಗೆ ಹೋದಳು. ಹಿಂದಿನ ಸಂಜೆ ಅವಳಿಗೆಂದೇ ಬಯಲಿನ ಅಕ್ಕಿಯ ಅನ್ನ ಮಾಡಿದ್ದರು. ಉಳಿದ ಅನ್ನಕ್ಕೆ ನೀರು ಹಾಕಿ ಕುದಿಸಿ, ಮಸೆದು, ಗಟ್ಟಿ ಗಂಜಿ ಮಾಡಿ ತಂದು ಹಿಟ್ಟಿಗೆ ಸುರಿದಳು.

“ಜೋಳದ ರೊಟ್ಟಿಗೆ ಅನ್ನಾ?” ಎಂದೆ.

“ಆಚಿ ಸರಿ ಅಕ್ಕಾ, ಜಗಳ ಆಮ್ಯಾಲ ಮಾಡೂಣು.”

ನಾದಿದಳು. ಭುಜ ನೋಯುವವಳು ಹಾಗೆ ನಾದುವುದನ್ನು ನೋಡಲು ನನಗೆ ಆಗಲಿಲ್ಲ. ಒಂದು ಸಲ ಕೈ ಬಿಟ್ಟು, ಹಲ್ಲು ಕಚ್ಚಿ, ಮತ್ತೆ ನಾದಿದಳು. ಮರಿಯಾ ಬಂದು ಏನೂ ಕೇಳದೆ ಅವಳ ಹಿಂದೆ ನಿಂತು ಭುಜ ಹಿಡಿದುಕೊಂಡಳು. ಆಮೇಲೆ ಉಂಡೆ ಹಲಗೆಗೆ ಬಿತ್ತು, ಬಡಿತ ಶುರುವಾಯಿತು. ಎಡಗೈ ತಿರುಗಿಸುತ್ತದೆ, ಬಲಗೈ ಬಡಿಯುತ್ತದೆ, ರೊಟ್ಟಿ ತಾನೇ ಸುತ್ತುತ್ತ ಬೆಳೆಯುತ್ತದೆ. ಹರಿಯಲಿಲ್ಲ. ಹಂಚಿನ ಮೇಲೆ ಬಿದ್ದು, ನೀರು ಸವರಿಸಿಕೊಂಡು, ತಿರುವಿದ ಮೇಲೆ ಉಬ್ಬಿ ನಿಂತಿತು.

ಆ ಬಡಿತದ ಸದ್ದು ಕಲ್ಲಿನ ಅಂಗಳದಲ್ಲಿ ಎಷ್ಟು ದೊಡ್ಡದಾಗಿ ಕೇಳಿತೆಂದರೆ ಬೀದಿಯಲ್ಲಿ ಹೋಗುವವರೆಲ್ಲ ಒಳಗೆ ಬಂದರು. ವೈನಿನ ಮುದುಕ ಬಂದ, ಚೀಸಿನವನು ತನ್ನ ಅಂಗಳವನ್ನು ಹೆಂಡತಿಗೆ ಬಿಟ್ಟು ಬಂದ. ಬಿಸಿ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಅವರದೇ ಆಲಿವ್ ಎಣ್ಣೆ. ಇದರಲ್ಲಿ ಸ್ವಲ್ಪ ಅಕ್ಕಿ ಬೆರೆತಿದೆ ಎಂದು ನಾನು ಫೋನಿನಲ್ಲಿ ಎಲ್ಲರಿಗೂ ಸಾರಿ ಹೇಳಿಸಿದೆ. ಯಾರಿಗೂ ಅದರ ಗೊಡವೆ ಇರಲಿಲ್ಲ. ಹಿಂಡಿಯ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ ಮತ್ತೆ ಕೈ ಚಾಚುತ್ತಿದ್ದರು. ಒಂದೊಂದು ರೊಟ್ಟಿ ಒಂದೊಂದು ಆಕಾರ. ಒಬ್ಬರೂ ದುಂಡಗಿಲ್ಲ ಎನ್ನಲಿಲ್ಲ.

ಹಿಟ್ಟು ಮುಗಿದಾಗ ಅಂಗಳದವರು ಚಪ್ಪಾಳೆ ತಟ್ಟಿದರು. ನೀಲಮ್ಮ ಯಾರಿಗೆ ತಟ್ಟುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡಿದಳು. ನಾನು ಅಲ್ಲಿ, ಅಷ್ಟು ಜನರ ಎದುರು, ನಾಚಿಕೆ ಬಿಟ್ಟು ಅತ್ತೆ. ನಮ್ಮ ಕರಿನೆಲದ ಜೋಳ, ಅವಳ ಸೀಮೆಯ ಅನ್ನ, ಅವಳ ಕೈ. ಇಷ್ಟು ಹೆಮ್ಮೆ ನನಗೆ ನನ್ನ ಮಗಳ ಮದುವೆಯಲ್ಲೂ ಆಗಿರಲಿಲ್ಲ.

ಸಂಜೆ ಮರಿಯಾ ಅವಳ ಭುಜಕ್ಕೆ ಯಾವುದೋ ಎಲೆಯ ಎಣ್ಣೆ ತಿಕ್ಕುತ್ತಿದ್ದಳು. ನೀಲಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು. “ಅಕ್ಕಾ, ನಾದೋದು ಮಷಿನ್ನಿಗೆ ಕೊಡೂಣು. ಬಡಿಯೋದು ಕೊಡೂದು ಬ್ಯಾಡ.”

“ಹಂಗ ಮಾಡೂಣು,” ಎಂದೆ. ಮಷಿನ್ನು ಎಂಬ ಶಬ್ದಕ್ಕೇ ಮೂಗು ಮುರಿಯುತ್ತಿದ್ದ ನಾನು ಒಪ್ಪಿಕೊಂಡದ್ದು ಹೀಗೆ.

ಮತ್ತೆ ಮಸ್ಕಿ, ಆಮೇಲೆ ಸಿಂಧನೂರು

ನಾದುವುದಷ್ಟೇ ಮಷಿನ್ನು, ಬಡಿಯುವುದು ಕೈಯಿಂದಲೇ ಎಂದು ಪಂಪಣ್ಣನಿಗೆ ಜವಾಬು ಕೊಟ್ಟವಳು ನೀಲಮ್ಮನೇ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು. “ನಾ ನಿಮಗ ಕೆಟ್ಟದ್ದು ಬಯಸಾಕತ್ತಿಲ್ರಿ. ಆದ್ರ ನನ್ನ ಗಿರಾಕಿಗೆ ಡಬ್ಬಿ ರೊಟ್ಟಿ ಬೇಕು. ನಿಮ್ಮದು ಡಬ್ಬಿಗೆ ಹಿಡ್ಯಂಗಿಲ್ಲ.” ಯುಗಾದಿಯಾಯಿತು, ಅವರ ಗಾಡಿ ಬರುವುದು ನಿಂತಿತು. ನಾದುವ ಯಂತ್ರವನ್ನು ಲಿಂಗಸುಗೂರಿನಿಂದ ತಂದು ಹೂಡಿದ್ದೆವು. ಅದು ನಾದಿ ಕೊಡುತ್ತಿತ್ತು, ನಾವು ಬಡಿಯುತ್ತಿದ್ದೆವು, ರೊಟ್ಟಿ ಒಣಗಿ ರಾಶಿ ಬೀಳುತ್ತಿತ್ತು. ಕೊಳ್ಳುವವರಿರಲಿಲ್ಲ. ಶರಣಮ್ಮ ನಾಟಿ ಹಚ್ಚಲು ಹೋಗುವ ಗುಂಪಿನವರನ್ನು ವಿಚಾರಿಸತೊಡಗಿದಳು. ಇದಕ್ಕೆಲ್ಲ ನಾನೇ ಕಾರಣ ಎಂದು ಅನಿಸಿ ನನಗೆ ಊಟ ಸೇರುತ್ತಿರಲಿಲ್ಲ.

“ಅಂಗಳದ ಬಾಗಲಾ ಖುಲ್ಲಾ ಮಾಡೂಣು ಅಕ್ಕಾ,” ಎಂದಳು ನೀಲಮ್ಮ ಒಂದು ದಿನ. “ಮಾಡೋದು ಮಂದಿ ಕಣ್ಣಿಗೆ ಬೀಳಬೇಕು.”

ಮಸ್ಕಿಯಲ್ಲಿ ಎಲ್ಲರ ಮನೆಯಲ್ಲೂ ರೊಟ್ಟಿ ಇದೆ, ಯಾರು ನೋಡುತ್ತಾರೆ ಎಂದೆ. ಅವಳು ಹೇಳಿದ್ದು ಸಿಂಧನೂರು. ಭತ್ತದ ಪೇಟೆ, ಅನ್ನ ಉಣ್ಣುವ ಊರು. ನಾನು ನಕ್ಕೆ. ಆದರೂ ಗಂಜ್, ಅಂದರೆ ಭತ್ತದ ಮಾರುಕಟ್ಟೆಯ ಹತ್ತಿರ, ಲಾರಿ ನಿಲ್ಲುವ ರಸ್ತೆಗೆ ಬಾಯಿ ತೆರೆದ ಒಂದು ಸಣ್ಣ ಮಳಿಗೆ ಹಿಡಿದೆವು. ಬಾಗಿಲು ಪೂರ್ತಿ ತೆಗೆದು, ಒಲೆಗಳನ್ನು ರಸ್ತೆಗೆ ಮುಖ ಮಾಡಿ ಸಾಲಾಗಿ ಹೂಡಿ, ಎಲ್ಲರೂ ಕೂತು ಬಡಿಯತೊಡಗಿದೆವು. ಮೊದಲ ದಿನ ಈರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡೇ ಬಡಿದಳು.

ಬಡಿತದ ಸದ್ದಿಗೆ ಹಮಾಲರು ಬಂದರು, ಆಟೋದವರು ಬಂದರು, ಮಿಲ್ಲಿನ ಗುಮಾಸ್ತರು ಬಂದರು. ಕೆಲವು ದಿನ ಉಳಿಯುತ್ತಿತ್ತು, ಕೆಲವು ದಿನ ಮಧ್ಯಾಹ್ನಕ್ಕೇ ಹಿಟ್ಟು ಮುಗಿದು ನಾಳೆ ಬರ್ರಿ ಎನ್ನುತ್ತಿದ್ದೆವು. ಹೋಗುವಾಗ ಖಡಕ್ ರೊಟ್ಟಿ ಕಟ್ಟಿಸಿಕೊಂಡು ಹೋಗುವವರು ಹೆಚ್ಚಾದರು. ಶರಣಮ್ಮ ನಾಟಿಯ ಮಾತು ಬಿಟ್ಟಳು. ನಮ್ಮಲ್ಲಿ ಒಬ್ಬರೂ ಕೆಲಸ ಕಳೆದುಕೊಳ್ಳಲಿಲ್ಲ. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಒಂದು ಮಧ್ಯಾಹ್ನ ಪಂಪಣ್ಣನ ಬೈಕು ಬಂದು ನಿಂತಿತು. ಎಲ್ಲರ ಕೈಯೂ ಒಂದು ಗಳಿಗೆ ತಡೆಯಿತು, ನೀಲಮ್ಮನದು ತಡೆಯಲಿಲ್ಲ. ಅವರು ಬೆಂಚಿನ ತುದಿಯಲ್ಲಿ ಕೂತು, ಎಲ್ಲರ ಹಾಗೆ ತಟ್ಟೆ ಹಿಡಿದು, ಎರಡು ರೊಟ್ಟಿ ತಿಂದರು. ಮಷಿನ್ನಿನ ಮಾತು ಎತ್ತಲಿಲ್ಲ. ಕೈ ತೊಳೆದುಕೊಂಡು ಬಂದು, ಸ್ವಲ್ಪ ಸಂಕೋಚದಿಂದ ಕೇಳಿದರು.

“ನಾಕು ಬಿಸಿವು ಕಟ್ಟಿ ಕೊಡ್ರಿ. ನಮ್ಮವ್ವಗ. ಆಕಿ ನಮ್ಮ ಡಬ್ಬಿ ರೊಟ್ಟಿ ಒಲ್ಲೆ ಅಂತಾಳ.”

ನೀಲಮ್ಮ ತಲೆ ಎತ್ತದೆ ಮುಂದಿನ ಉಂಡೆ ತೆಗೆದುಕೊಂಡಳು.

“ಕಟ್ಟಿ ಕೊಟ್ರ ಮನಿ ಮುಟ್ಟೋತನಕ ಆರ್ತಾವ್ರಿ ಸಾವ್ಕಾರ್ರ. ಅವ್ವನ್ನ ಇಲ್ಲಿಗೇ ಕರ್ಕೊಂಡು ಬರ್ರಿ. ಆಕಿ ಕುಂತು ಉಣ್ಣೋತನಕ ನಾ ಬಡೀತೀನಿ.”

ಪಂಪಣ್ಣ ತಿಂದದ್ದರ ದುಡ್ಡು ಬೆಂಚಿನ ಮೇಲಿಟ್ಟರು. ಆಮೇಲೆ ಬೈಕು ತಿರುಗಿಸಿ, ಅವ್ವನನ್ನು ಕರೆತರಲು ಹೋದರು.